ಷರಾ ಕಾಲಮ್ಮಿನ ಮಕ್ಕಳು

ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆ ಸುಳ್ಳಾದರೂ ಸರ್ಕಾರಿ ರಿಜಿಸ್ಟರು ಸುಳ್ಳಾಗದು. ಗಾದೆಯನ್ನು ಹೀಗೆ ತಿರುಚಿದ್ದಕ್ಕೆ ಬೈಯುವವರು ಬೈಯಲಿ, ಮುಂದೆ ಬರುವುದರಲ್ಲಿ ಮಾತ್ರ ಒಂದಕ್ಷರವನ್ನೂ ತಿರುಚಿಲ್ಲ. ಎಂಬತ್ತಾರನೇ ಇಸವಿಯಲ್ಲಿ, ದಬ್ಬೇಘಟ್ಟದಿಂದ ಎರಡು ಮೈಲಿ ಒಳಗಿರುವ ಹೊಂಬಾಳೆಪಾಳ್ಯದಲ್ಲಿ ನಡೆದದ್ದು ಇದು. ನಂಬಿಕೆ ಬರದವರು ಹೋಗಿ ಕೇಳಬಹುದು. ಊರಿನವರು ಮೊದಲು ನಗುತ್ತಾರೆ, ಆಮೇಲೆ ಮಾತು ಬದಲಿಸುತ್ತಾರೆ.

ಶುರುವಾದದ್ದು ಅಣ್ಣಯ್ಯನ ಬಾಯಿಂದ. ತಿಪಟೂರಿನಲ್ಲಿ ಓದಿ ಬಿ.ಎ. ಮಾಡಿಕೊಂಡು ಬಂದಿದ್ದ. ಬಿ.ಎ. ಅಂದರೆ ‘ಬಿಟ್ಟಿ ಅಣಕ’ ಎಂದು ತಾನೇ ಬಿಡಿಸಿ ಹೇಳುತ್ತಿದ್ದ. ಬಸ್ಸಿನ ಕಂಡಕ್ಟರು, ರೇಡಿಯೋ ವಾರ್ತೆ, ಶೆಟ್ಟರ ಅಂಗಡಿಯ ಕಿರುಗುಟ್ಟುವ ಬಾಗಿಲು, ಯಾವುದನ್ನು ಕೇಳಿದರೂ ಗಂಟಲಿನಿಂದ ತೆಗೆದು ತೋರಿಸುತ್ತಿದ್ದ. ಊರಿನಲ್ಲಿ ಅವನು ಅಣಕಿಸದ ಗಂಟಲಿರಲಿಲ್ಲ. ಅವನ ಸ್ವಂತ ದನಿ ಹೇಗಿದೆ ಎಂದು ಕೇಳಿದ್ದರೆ ಊರಿನವರಿರಲಿ, ಅವನೇ ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು.

ಬಡವರಿಗೆ ಕಡಿಮೆ ಬೆಲೆಗೆ ಅಕ್ಕಿ ಕೊಡುವ ಹಸಿರು ಕಾರ್ಡು ಬಂದು ಆಗ ವರ್ಷವಾಗಿತ್ತು. ಕಾಡೂ ಹಸಿರು, ಕಾರ್ಡೂ ಹಸಿರು, ಎರಡರಲ್ಲೂ ದೊಡ್ಡ ಪ್ರಾಣಿಗಳೇ ಮೊದಲು ಬಂದು ನೀರು ಕುಡಿಯೋದು ಎಂದು ಅಣ್ಣಯ್ಯ ಹೋಟೆಲಿನಲ್ಲಿ ಹೇಳಿ ನಗಿಸಿದ್ದ. ಸರ್ಕಾರಕ್ಕೂ ಅದೇ ಅನುಮಾನ ಬಂದಿರಬೇಕು. ಸುಳ್ಳು ಕಾರ್ಡು ಪತ್ತೆ ಮಾಡಲು ಮರುತನಿಖೆ ಎಂದು ಒಬ್ಬ ಗುಮಾಸ್ತನನ್ನು ಕಳಿಸಿತು. ರಾಯಚೂರು ಕಡೆಯ ಮನುಷ್ಯ, ವರ್ಗವಾಗಿ ಬಂದು ತಿಂಗಳಾಗಿರಲಿಲ್ಲ. ಹೇಳಿದ್ದನ್ನೆಲ್ಲ ಬರೆದುಕೊಳ್ಳುವ ಶ್ರದ್ಧಾವಂತ. ಮನೆ ತೋರಿಸಲು ಅವನ ಜೊತೆಗೆ ಅಣ್ಣಯ್ಯನನ್ನು ದಿನಗೂಲಿಯ ಮೇಲೆ ಹಾಕಿದ್ದರು.

ಊರಿನ ದೊಡ್ಡ ತೋಟದವರಾದ ಬಸವರಾಜಪ್ಪನವರ ಮನೆಯ ಜಗುಲಿಯ ಮೇಲೆ ಕೂತು ಪಟ್ಟಿ ತುಂಬುತ್ತಿದ್ದಾಗ ಪುಟ್ಟಗಂಗಮ್ಮನ ಹೆಸರು ಬಂತು. ಪುಟ್ಟಗಂಗಮ್ಮ ಅರವತ್ತು ದಾಟಿದ ಒಂಟಿ ಹೆಂಗಸು. ಗಂಡ ಸತ್ತು ಇಪ್ಪತ್ತು ವರ್ಷ, ಮಕ್ಕಳಾಗಿರಲಿಲ್ಲ. ಗುಡಿಸಲ ಹಿಂದೆ, ಕೆರೆಕೋಡಿಯ ಪಕ್ಕ, ಎರಡು ತೆಂಗಿನ ಮರ ನೆಟ್ಟು ಬೆಳೆಸಿದ್ದಳು. ಒಂದು ರಂಗ, ಇನ್ನೊಂದು ಸಿದ್ದ. ಬೆಳಗ್ಗೆದ್ದು ಅವಕ್ಕೆ ನೀರು ಹುಯ್ಯುತ್ತ ಬೈಯುತ್ತಿದ್ದದ್ದು ಕೆರೆ ಏರಿಯವರೆಗೂ ಕೇಳಿಸುತ್ತಿತ್ತು. ತೆಂಗಿನ ಸೀಮೆಯಲ್ಲಿ ಇದು ಹುಚ್ಚಲ್ಲ. ಹೆತ್ತ ಮಗ ಕೈಬಿಟ್ಟರೂ ನೆಟ್ಟ ಮರ ಕೈಬಿಡದು ಎನ್ನುವ ನಾಡು ಇದು. ಜೋಳದ ಸೀಮೆಯಿಂದ ಬಂದವನಿಗೆ ಅದು ಹೇಗೆ ತಿಳಿಯಬೇಕು?

ಅವತ್ತು ಅವಳು ಊರಿನಲ್ಲಿರಲಿಲ್ಲ, ಪಕ್ಕದ ಸಂಪಿಗೆ ಊರಿಗೆ ಹೋಗಿದ್ದಳು.

“ಗಂಡ ಇಲ್ಲ. ಮಕ್ಕಳೆಷ್ಟ್ರೀ?” ಎಂದ ಗುಮಾಸ್ತ.

ಜಗುಲಿಯ ಮೇಲೆ ಬಸವರಾಜಪ್ಪನವರೂ ಅವರ ಇಬ್ಬರು ಆಳುಗಳೂ ಇದ್ದರು. ಮೂವರು ಕೇಳುಗರಿದ್ದರೆ ಅಣ್ಣಯ್ಯನಿಗೆ ಅದು ನಾಟಕದ ಕಂಪನಿಯೇ. ಸೆರಗು ಎಳೆದುಕೊಂಡವನಂತೆ ಟವೆಲ್ಲು ತಲೆಗೆ ಹಾಕಿ, ಪುಟ್ಟಗಂಗಮ್ಮನ ಒಡಕು ದನಿ ತೆಗೆದ.

“ಅಯ್ಯೋ ಸ್ವಾಮಿ, ಇಬ್ರು ಗಂಡ್‌ಮಕ್ಳು ಕಣಪ್ಪ. ದೊಡ್ಡೋನು ರಂಗ, ಚಿಕ್ಕೋನು ಸಿದ್ದ. ಉದ್ದಾನುದ್ದ ಬೆಳ್ದು ನಿಂತವೆ. ರಂಗ ತಲೆ ಬಾಚಾಕಿಲ್ಲ, ನಿಂತ ಕಡೆಯಿಂದ ಅಳ್ಳಾಡಾಕಿಲ್ಲ. ಸಿದ್ದ ವಸಿ ವಾಲ್ಕಂಡ್ ನಿಂತ್ಕತಾನೆ.”

“ಉದ್ಯೋಗ?”

“ದೊಡ್ಡೋನು ಎಳನೀರು, ಚಿಕ್ಕೋನು ಕೊಬ್ರಿ.”

“ಲಗ್ನ ಆಗ್ಯಾವೇನು?”

“ಎಲ್ಲಿ ಸ್ವಾಮಿ, ಯಾವ ಹೆಣ್ಣು ಅಷ್ಟೆತ್ರಕ್ಕೆ ಹತ್ತುತಾಳೆ?”

ಬಸವರಾಜಪ್ಪನವರು ಕಂಬ ಹಿಡಿದುಕೊಂಡು ನಕ್ಕರು. ಆಳುಗಳು ಹೊಟ್ಟೆ ಹಿಡಿದುಕೊಂಡರು. ಗುಮಾಸ್ತನೂ ನಕ್ಕ, ದನಿ ಅಷ್ಟು ಚೆನ್ನಾಗಿತ್ತು. ನಗುತ್ತಲೇ ಅವನ ಪೆನ್ನು ಓಡಿತು. ಪೆನ್ನು ಓಡಿದ್ದನ್ನು ಅಣ್ಣಯ್ಯ ನೋಡಿದ. ಅದೊಂದನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ಇಲ್ಲವೆನ್ನಲು ಆಗಲಿಲ್ಲ. ‘ಸ್ವಾಮಿ, ತಮಾಷೆಗೆ ಅಂದದ್ದು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ನಗು ಇನ್ನೂ ಬಿಸಿಯಾಗಿತ್ತು, ಅದಕ್ಕೆ ನೀರು ಹುಯ್ಯಲು ಮನಸ್ಸಾಗಲಿಲ್ಲ. ಗುಮಾಸ್ತ ಮುಂದಿನ ಮನೆಗೆ ಹೋದ.

ಎರಡು ತಿಂಗಳಿಗೆ ಹೊಸ ಪಟ್ಟಿ ಬಂತು. ರೇಷನ್ ಡಿಪೋದಲ್ಲಿ ಪುಟ್ಟಗಂಗಮ್ಮನ ಚೀಲ ಖಾಲಿ ವಾಪಸಾಯಿತು.

ಎರಡು ವಾರ ಕಳೆದು ಅವಳು ಅಣ್ಣಯ್ಯನ ಮನೆಗೇ ಬಂದಳು. ಊರಿನಲ್ಲಿ ಅರ್ಜಿ ಬರೆಯಬಲ್ಲವನು ಅವನೇ. ಹೊಸಿಲ ಹೊರಗೆ ಕೂತಳು. ಬೆರಳ ಗೆಣ್ಣುಗಳು ಊದಿದ್ದವು. ಅಕ್ಕಿ ನಿಂತ ಮೇಲೆ ಬಸವರಾಜಪ್ಪನವರ ಕಣದಲ್ಲಿ ಮತ್ತೆ ಕರಟ ಒಡೆಯಲು ಕೂತಿದ್ದಳು. ಅಟ್ಟದ ಮೇಲೆ ವರ್ಷ ಕಾಲ ಒಣಗಿದ ಕಾಯಿಯ ಕರಟವನ್ನು ಒಳಗಿನ ಇಡೀ ಕೊಬ್ಬರಿ, ಅಂದರೆ ಗಿಟುಕು, ಒಡೆಯದ ಹಾಗೆ ಬಿಡಿಸಬೇಕು. ಗಿಟುಕು ಸೀಳಿದರೆ ಆ ದಿನದ ಕೂಲಿಯಲ್ಲಿ ಹಿಡಿಯುತ್ತಾರೆ. ಈ ಕೈಗೆ ಆಗುವ ಕೆಲಸವಲ್ಲ ಎಂದು ಹೋದ ವರ್ಷ ತಾನೇ ಬಿಟ್ಟಿದ್ದಳು.

“ನಂಗೆ ಇಬ್ರು ಗಂಡ್‌ಮಕ್ಳವ್ರಂತೆ ಕಣ್ಲಾ ಮಗ,” ಎಂದಳು. “ದುಡ್ದು ಹಾಕ್ತವ್ರಂತೆ. ಅದ್ಕೆ ಕಾರ್ಡು ವಜಾ ಅಂತೆ. ಡಿಪೋದೋನು ಅಷ್ಟೇ ಹೇಳಿದ್ದು.”

ಅಣ್ಣಯ್ಯ ಕಾಗದ ಹುಡುಕುವವನಂತೆ ಮುಖ ತಿರುಗಿಸಿದ. “ಯಾರೋ ತಪ್ಪು ಬರ್ಸವ್ರೆ ಬುಡು ದೊಡ್ಡವ್ವ.”

“ತಪ್ಪಲ್ಲ, ಹೊಟ್ಟೆಕಿಚ್ಚು. ಮೂರ್ ಹಿಡಿ ಅಕ್ಕಿ ತಿಂತಾಳೆ ಮುದ್ಕಿ ಅಂತ ಹೊಟ್ಟೆಕಿಚ್ಚು. ಯಾವನು ಬರ್ಸಿದ್ನೋ ಅವ್ನ ನಾಲ್ಗೆಗೆ ಹುಳ ಬೀಳ್ಲಿ. ನೀನ್ ಬರಿ. ನಾಲ್ಗೆ ವಿಷ್ಯನೂ ಬರಿ.”

“ಅರ್ಜೀಲಿ ಶಾಪ ಬರ್ಯಂಗಿಲ್ಲ ದೊಡ್ಡವ್ವ.”

“ಹಂಗಾರೆ ಅದನ್ನ ನಾನ್ ಬಾಯಲ್ಲೇ ಹಾಕ್ತೀನಿ. ನೀನ್ ಮಿಕ್ಕಿದ್ದು ಬರಿ.”

ಅವನು ಬರೆದ. ‘ನನಗೆ ಮಕ್ಕಳಿರುವುದಿಲ್ಲ’ ಎಂಬ ಸಾಲಿಗೆ ಬಂದಾಗ ಅವಳು ಹೆಬ್ಬೆಟ್ಟು ಒತ್ತಲು ಕೈ ಚಾಚಿದಳು. ಊದಿದ ಬೆರಳು ಮಸಿಯ ಡಬ್ಬಿಯ ಮೇಲೆ ಸರಿಯಾಗಿ ಕೂರಲಿಲ್ಲ. ಅವನು ಹಿಡಿದು ಒತ್ತಿಸಿದ. ನಾಲಿಗೆಯ ತುದಿಯಲ್ಲಿ ನಿಜವಾಗಿಯೂ ಏನೋ ಹರಿದಾಡಿದಂತಾಯಿತು.

ಸುಮ್ಮನೆ ಹೋಗಿ ಸತ್ಯ ಹೇಳಿದರೆ ಆಗುವುದಿಲ್ಲವೆ? ಅಣ್ಣಯ್ಯ ಅದನ್ನೂ ಯೋಚಿಸಿದ. ಮಕ್ಕಳಲ್ಲ ಸ್ವಾಮಿ, ಮರಗಳು, ಅಂದುಬಿಡುವುದು. ಆದರೆ ಆ ಮರಗಳು ನಿಂತಿದ್ದದ್ದು ಅವಳ ಹಿತ್ತಿಲಿನಲ್ಲಲ್ಲ, ಹಿತ್ತಿಲಿಗೆ ಅಂಟಿದ ಸರ್ಕಾರಿ ಖರಾಬು ಜಾಗದಲ್ಲಿ. ಮರ ಎಂದು ಬಾಯಿ ಬಿಟ್ಟರೆ ಎಲ್ಲಿ ಎನ್ನುತ್ತಾರೆ. ಎಲ್ಲಿ ಎಂದು ಗೊತ್ತಾದರೆ ನಂಬರು ಹೊಡೆದು ಹರಾಜು ಹಾಕುತ್ತಾರೆ. ಮಕ್ಕಳು ಅಂದರೆ ಕಾರ್ಡು ಹೋಯಿತು, ಮರ ಅಂದರೆ ಮರ ಹೋಯಿತು. ತಾನು ಆಡಿದ ಒಂದು ಮಾತಿಗೆ ಎರಡು ಬಾಯಿ, ಎರಡೂ ಕಚ್ಚುವಂಥವು.

ಅರ್ಜಿಯ ವಿಚಾರಣೆಗೆ ದಿನ ಗೊತ್ತಾಯಿತು. ಆಹಾರ ಶಿರಸ್ತೇದಾರ ಹನುಮಂತಯ್ಯ ಎಂಬವರು ಊರಿಗೇ ಬಂದು ಮಿಕ್ಕ ಕಾರ್ಡುಗಳನ್ನೂ ಅವತ್ತೇ ಪರಿಶೀಲಿಸುತ್ತಾರೆಂದು ಡಂಗುರ ಹೊಡೆಸಿದರು. ಶಿರಸ್ತೇದಾರ ಅಂದರೆ ಶಿರಸ್ಸು ತೇದು ಗಂಧ ಮಾಡುವವರು ಎಂದು ಬೇರೆ ದಿನವಾಗಿದ್ದರೆ ಅಣ್ಣಯ್ಯ ಹೇಳಿರುತ್ತಿದ್ದ. ಅವತ್ತು ಹೇಳಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಬಸವರಾಜಪ್ಪನವರ ಕಣಕ್ಕೆ ಹೋದ. ಅವರು ಪಂಚಾಯ್ತಿ ಛೇರ್ಮನ್ನರು, ವಿಚಾರಣೆಯಲ್ಲಿ ಅವರ ಮಾತಿಗೇ ತೂಕ. ಗಿಟುಕಿನ ರಾಶಿಯಿಂದ ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ ಕೂತಿದ್ದರು.

“ಯಜಮಾನ್ರೆ, ಪುಟ್ಟಗಂಗಮ್ಮಂಗೆ ಮಕ್ಳಿಲ್ಲ ಅಂತ ನಾಳೆ ಒಂದ್ ಮಾತು ಹೇಳ್ಬುಡಿ. ನೀವೂ ಅವತ್ತು ಜಗುಲಿ ಮ್ಯಾಲೆ ಇದ್ರಲ್ಲ.”

“ಇದ್ದೆ. ನಗ್ತಾ ಇದ್ದೆ. ಬರ್ಸಿದೋನು ನೀನಲ್ವೇನ್ಲಾ?” ಅವರು ಗಂಟಲು ಸರಿಮಾಡಿಕೊಂಡರು. “ನೋಡಣ್ಣಯ್ಯ, ಈ ಬಿಟ್ಟಿ ಅಕ್ಕಿ ಬಂದ್ಮೇಲೆ ಕಣಕ್ಕೆ ಆಳೇ ಇಲ್ಲ. ಕರದ್ರೆ, ಯಾಕ್ ಬರ್ಬೇಕು ಯಜಮಾನ್ರೆ, ಹೊಟ್ಟೆ ತುಂಬೈತೆ ಅಂತಾರೆ. ಬಡವರ ಹೊಟ್ಟೆ ತುಂಬುಸ್ಬಾರ್ದು ಅಂತ ನಾನ್ ಅನ್ನಲ್ಲ. ದುಡ್ದು ತುಂಬುಸ್ಕೊಳ್ಲಿ ಅಂತೀನಿ. ಈಗ ನೋಡು, ಕಾರ್ಡು ಹೋಯ್ತು, ಮುದ್ಕಿ ಕಣಕ್ಕೆ ಬಂತು. ಕೈ ನೋವು ಅಂತಿದ್ಲು, ಕೂಲಿ ಮಾಡ್ತಾವ್ಳಲ್ಲ. ಎಲ್ ಹೋಯ್ತು ನೋವು?”

ಕಣದ ಆ ತುದಿಯಲ್ಲಿ ಪುಟ್ಟಗಂಗಮ್ಮನೇ ಕೂತಿದ್ದಳು. ಮಾತು ಕೇಳಿಸುವಷ್ಟು ಹತ್ತಿರವಲ್ಲ. ಅವಳ ಕಲ್ಲಿನ ಏಟು ಒಂದು ಬಿದ್ದು, ಇನ್ನೊಂದು ಬೀಳುವುದಕ್ಕೆ ಬಹಳ ಹೊತ್ತಾಗುತ್ತಿತ್ತು.

“ಆದ್ರೂ ಮಕ್ಳಿಲ್ಲ ಅನ್ನೋದು ನಿಜ ಅಲ್ವ ಯಜಮಾನ್ರೆ.”

“ನಿಜ. ಮಕ್ಳಿಲ್ಲ ಅಂತ ನೀನಂದ್ರೆ, ಹಂಗಾರೆ ರಂಗ ಸಿದ್ದ ಯಾರು ಅಂತ ನಾನ್ ಹೇಳ್ಬೇಕಾಯ್ತದೆ. ಎಲ್ಲಿ ನಿಂತವ್ರೆ ಅಂತಾನೂ. ಸುಳ್ ಹೇಳಕ್ಕಾಯ್ತದಾ ಸರ್ಕಾರದ ಮುಂದೆ? ಹರಾಜ್ ಆದ್ರೆ ನಾನೇ ಕೂಗ್ತೀನಿ ಬುಡು, ನಮ್ ತೋಟಕ್ಕೆ ಅಂಟ್ಕಂಡೇ ಐತೆ.” ಒಂದು ಗಿಟುಕನ್ನು ಅವನ ಕೈಗೆ ಹಾಕಿದರು. “ಸುಮ್ಕಿರು. ಮುಂದಿನ ತಿಂಗ್ಳಿಂದ ತಿಪಟೂರು ಮಂಡೀಲಿ ಬರವಣಿಗೆಗೆ ಬಾ ಅಂದಿದೀನಲ್ಲ, ಅದ್ನ ಜ್ಞಾಪಕ ಇಟ್ಕೊ. ಬಾಯಿ ಇರೋದು ಬರೀ ಬಿಡೋಕಲ್ಲ, ಮುಚ್ಚೋಕೂವೆ.”

ಅಣ್ಣಯ್ಯ ಗಿಟುಕು ಹಿಡಿದುಕೊಂಡೇ ಮನೆಗೆ ಬಂದ. ಆ ಕೆಲಸಕ್ಕೆ ಎರಡು ವರ್ಷದಿಂದ ಕಾದಿದ್ದ. ಅವನಮ್ಮ ಊರಿಗೆಲ್ಲ ಹೇಳಿಯೂ ಆಗಿತ್ತು.

ವಿಚಾರಣೆ ಸ್ಕೂಲಿನ ವರಾಂಡದಲ್ಲಿ. ಹನುಮಂತಯ್ಯನವರು ಕಪ್ಪು ಫ್ರೇಮಿನ ಕನ್ನಡಕ ಹಾಕಿದ್ದ ಸಣ್ಣ ಆಳು. ನಗುವಿಲ್ಲ, ಗದರಿಕೆಯೂ ಇಲ್ಲ. ಕೈಯಲ್ಲಿ ಒಂದು ಕೆಂಪು ಪೆನ್ಸಿಲು. ಒಂದು ಗಂಟೆಯೊಳಗೆ ಏಳು ಕಾರ್ಡಿಗೆ ಅಡ್ಡಗೆರೆ ಬಿತ್ತು. ಮಾರಯ್ಯನ ಮನೆಯಲ್ಲಿ ರೇಡಿಯೋ ಇದೆ ಎಂದು ಯಾರೋ ಹಿಂದಿನಿಂದ ಕೂಗಿದರು.

“ಹಾಡು ಕೇಳ್ಕಂಡು ಅಕ್ಕಿ ತಿಂತಾನೆ ಸ್ವಾಮಿ, ಸುಖ್‌ಪುರುಷ.”

ಜನ ನಕ್ಕರು. “ಅದ್ರಲ್ಲಿ ಸೆಲ್ಲೇ ಇಲ್ಲ ಸ್ವಾಮಿ, ನಮ್ಮಳಿಯ ಬುಟ್ಟೋಗಿದ್ದು,” ಎಂದ ಮಾರಯ್ಯ. ಪೆನ್ಸಿಲು ಆಗಲೇ ಎಳೆದಿತ್ತು. ನಿನ್ನೆಯವರೆಗೂ ಪಕ್ಕದಲ್ಲಿ ನಿಂತು ಅಕ್ಕಿ ಅಳೆಸಿಕೊಂಡವರೇ ಇವತ್ತು ಒಬ್ಬರ ಮನೆಯ ಆಡು, ಇನ್ನೊಬ್ಬರ ಮನೆಯ ತಾಮ್ರದ ಹಂಡೆ ಎಂದು ಎತ್ತಿ ಕೊಡುತ್ತಿದ್ದರು. ಇನ್ನೊಬ್ಬನದು ಹೋದರೆ ತನ್ನದು ಉಳಿದೀತು ಎಂಬ ಲೆಕ್ಕ. ಅಣ್ಣಯ್ಯ ಕಂಬಕ್ಕೆ ಒರಗಿ ನಿಂತು ಆ ದನಿಗಳನ್ನು ಕೇಳಿದ. ಒಂದೊಂದನ್ನೂ ಅಣಕಿಸಬಲ್ಲ. ಯಾವುದೂ ಗಂಟಲಿಗೆ ಬರಲಿಲ್ಲ.

“ಪುಟ್ಟಗಂಗಮ್ಮ.”

ಅವಳು ಎದ್ದು ಮುಂದೆ ಹೋಗಿ ನಿಂತಳು. ಊದಿದ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಕೈ ತೋರಿಸಿ ಬೇಡುತ್ತಾಳೆ ಎಂದು ಯಾರೂ ಅನ್ನಬಾರದಲ್ಲ.

“ಮಕ್ಕಳಿಲ್ಲ ಅಂತ ಅರ್ಜಿ ಕೊಟ್ಟಿದೀರಿ. ರಿಜಿಸ್ಟರಲ್ಲಿ ಇಬ್ಬರು ಅಂತಿದೆ. ದುಡಿಯೋ ಮಕ್ಕಳು.”

“ಇಲ್ಲ ಸ್ವಾಮಿ. ಹೆತ್ತಿಲ್ಲ.”

“ಛೇರ್ಮನ್ನರು ಏನಂತೀರಿ?”

ಬಸವರಾಜಪ್ಪನವರು ಕುರ್ಚಿಯಲ್ಲಿ ನೆಟ್ಟಗಾದರು. “ತನಿಖೆ ನಮ್ ಜಗುಲೀಲೇ ಆಯ್ತು. ತಮ್ ಗುಮಾಸ್ತರು ಬರ್ಕೊಂಡದ್ದು. ಸರ್ಕಾರದ ಬರವಣಿಗೆ ಸುಳ್ಳು ಅನ್ನೋಕೆ ನಾನ್ಯಾರು?”

ಕೆಂಪು ಪೆನ್ಸಿಲು ಎದ್ದಿತು. ಅಭ್ಯಾಸದಂತೆ ಹನುಮಂತಯ್ಯನವರು ಗೆರೆ ಎಳೆಯುವ ಮುನ್ನ ಸಾಲಿನ ಕೊನೆಯವರೆಗೆ ಕಣ್ಣು ಹಾಯಿಸಿದರು. ಕೊನೆಯಲ್ಲಿ ವಿಶೇಷ ಟಿಪ್ಪಣಿಗೆಂದು ಷರಾ ಎಂಬ ಕಾಲಮ್ಮು. ಬೇರೆಯವರ ಮುಂದೆಲ್ಲ ಅದು ಖಾಲಿ, ಇವಳ ಮುಂದೆ ಇರುವೆ ಸಾಲಿನಂತೆ ಅಕ್ಷರ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಜೋರಾಗಿ ಓದಿದರು.

“‘ಹಿರಿಯ ಮಗ ರಂಗ. ಎತ್ತರದ ಆಳು. ತಲೆ ಬಾಚುವುದಿಲ್ಲ. ನಿಂತ ಜಾಗದಿಂದ ಅಲ್ಲಾಡುವುದಿಲ್ಲ. ಎಳನೀರಿನ ವ್ಯವಹಾರ. ಕಿರಿಯ ಮಗ ಸಿದ್ದ. ಸ್ವಲ್ಪ ವಾಲಿಕೊಂಡು ನಿಲ್ಲುತ್ತಾನೆ. ಕೊಬ್ಬರಿ ವ್ಯವಹಾರ. ಇಬ್ಬರೂ ಅವಿವಾಹಿತರು. ಕಾರಣ, ಎತ್ತರ.’”

ಹಿಂದಿನ ಸಾಲಿನಲ್ಲಿ ಯಾರೋ ಪುಸಕ್ಕೆಂದು ನಕ್ಕು ಕೆಮ್ಮಿ ಮುಚ್ಚಿಕೊಂಡರು. ಪುಟ್ಟಗಂಗಮ್ಮ ಬಾಯಿ ತೆರೆದವಳು ಹಾಗೇ ನಿಂತಳು. ಆ ಮಕ್ಕಳು ತನ್ನ ಮರಗಳೆಂದು ಹೆಸರು ಕೇಳಿ ಅವಳಿಗೆ ಈಗ ಹೊಳೆದಿತ್ತು.

“ಇದನ್ನ ಹೇಳಿ ಬರೆಸಿದೋರು ಯಾರು?”

ಬಸವರಾಜಪ್ಪನವರು ಅಣ್ಣಯ್ಯನ ಕಡೆ ನೋಡಿ ತುಟಿಯ ಮೇಲೆ ಒಂದು ಬೆರಳು ಇಟ್ಟು, ಮೀಸೆ ತೀಡಿದವರಂತೆ ತೆಗೆದರು. ಅಣ್ಣಯ್ಯ ಕಂಬ ಬಿಟ್ಟು ಮುಂದೆ ಬಂದ.

“ನಾನು ಸ್ವಾಮಿ.” ಬಂದ ದನಿ ಯಾರದೂ ಆಗಿರಲಿಲ್ಲ, ಸಣ್ಣದಾಗಿತ್ತು. “ದೊಡ್ಡವ್ವ ಊರಲ್ಲಿರ್ಲಿಲ್ಲ. ನಾಲ್ಕ್ ಜನ ನಗ್ಲಿ ಅಂತ ಅವ್ರ ದನೀಲಿ ಅಂದೆ. ಗುಮಾಸ್ತರು ಬರ್ಕೊಂಡ್ರು. ಬರ್ಕೊಳೋದ್ನ ನೋಡಿದೆ, ಬೇಡ ಅನ್ಲಿಲ್ಲ. ಅವ್ರಿಗೆ ಮಕ್ಳಿಲ್ಲ. ರಂಗನೂ ಇಲ್ಲ, ಸಿದ್ದನೂ ಇಲ್ಲ. ಎಲ್ಲ ನಾನ್ ಕಟ್ಟಿದ್ದು.”

“ಎಲ್ಲ ನೀನ್ ಕಟ್ಟಿದ್ದಾ?” ಬಸವರಾಜಪ್ಪನವರು ಮೆತ್ತಗೆ ಕೇಳಿದರು. “ಒಂದ್ ಸುಳ್ ಮುಚ್ಚೋಕೆ ಇನ್ನೊಂದ್ ಯಾಕ್ಲಾ? ಸ್ವಾಮಿ, ರಂಗ ಸಿದ್ದ ಇಲ್ಲ ಅನ್ನಂಗಿಲ್ಲ. ಅವು ನಿಂತವೆ—”

“ತಾಳಿ ಯಜಮಾನ್ರೇ,” ಎಂದರು ಹನುಮಂತಯ್ಯನವರು. “ನಾನು ಅರಸೀಕೆರೆ ಕಡೆಯೋನು. ನಮ್ಮವ್ವನಿಗೆ ಹನ್ನೊಂದು ಜನ ಮಕ್ಕಳು. ಹತ್ತು ಜನ ಇನ್ನೂ ಹಿತ್ತಿಲಲ್ಲೇ ನಿಂತವ್ರೆ. ಓದ್ತಿದ್ದ ಹಾಗೇ ಗೊತ್ತಾಯ್ತು.” ನಗಲಿಲ್ಲ. “ಆದ್ರೆ ಇವು ನಿಂತಿರೋದು ಎಲ್ಲಿ?”

ಪುಟ್ಟಗಂಗಮ್ಮನ ಕೈ ಸೆರಗಿನಿಂದ ಹೊರಗೆ ಬಂದು ಪಕ್ಕದ ಮೇಜಿನ ಅಂಚು ಹಿಡಿದುಕೊಂಡಿತು. ಬಸವರಾಜಪ್ಪನವರು ಗಂಟಲು ಸರಿಮಾಡಿಕೊಂಡರು. ಆ ಸದ್ದು ಮುಗಿದು ಮಾತು ಹೊರಡುವುದಕ್ಕೆ ಎಷ್ಟು ಹೊತ್ತಾಗುತ್ತದೆಂದು ಊರಿನಲ್ಲಿ ಅಣ್ಣಯ್ಯನಷ್ಟು ಚೆನ್ನಾಗಿ ಬಲ್ಲವರಿಲ್ಲ. ನೂರು ಸಲ ಅಣಕಿಸಿದ ಗಂಟಲು ಅದು. ಆ ಸಂದಿಯಲ್ಲಿ ಅವನು ನುಗ್ಗಿದ.

“ಅಳೆಸ್ಬೇಕು ಸ್ವಾಮಿ. ಕೆರೆಕೋಡಿ ಕಲ್ಲಿಂದ ಸರಪಳಿ ಹಿಡಿಸಿ ಅಳೆಸ್ಬುಡಿ. ಮರ ಎಲ್ಲಿ ನಿಂತವೆ, ಯಾರ್ ಯಾರ ಬೇಲಿ ಎಲ್ಲಿಗ್ ಬಂದು ನಿಂತೈತೆ, ಎಲ್ಲ ಒಂದೇ ಸಲಕ್ಕೆ ಗೊತ್ತಾಯ್ತದೆ. ಯಜಮಾನ್ರ ತೋಟದ ಕೊನೇ ಎರಡು ಸಾಲೂವೆ ಅದೇ ಮಗ್ಗುಲಲ್ಲೈತೆ.”

ಬಸವರಾಜಪ್ಪನವರ ಮಾತು ಗಂಟಲಿನಲ್ಲೇ ತಿರುಗಿ ಒಳಕ್ಕೆ ಹೋಯಿತು. ಅಣ್ಣಯ್ಯನನ್ನು ಒಮ್ಮೆ ನೋಡಿದರು. ತಿಪಟೂರು ಮಂಡಿಯ ಬಾಗಿಲು ಆ ನೋಟದಲ್ಲೇ ಮುಚ್ಚಿತು. ಅಗುಳಿ ಬಿದ್ದ ಸದ್ದು ಅವನಿಗೆ ಕೇಳಿಸಿದಂತಾಯಿತು.

“ಎಲ್ಲಿ ನಿಂತವೆ ಛೇರ್ಮನ್ನರೆ?” ಹನುಮಂತಯ್ಯನವರು ಪೆನ್ಸಿಲು ಹಿಡಿದೇ ಕೇಳಿದರು. “ಹೇಳಿ, ಸರ್ವೆಗೆ ಬರೀತೀನಿ.”

“ಎಲ್ಲಿ ಅಂದ್ರೆ... ಆಯಮ್ಮನ ಹಿತ್ಲೇ ಸ್ವಾಮಿ. ಹಿತ್ಲು ಅಂತ್ಲೇ ಇಟ್ಕೊಳಿ.”

“ಹಿತ್ತಿಲಲ್ಲಿ ಎರಡು ಮರ ಇದ್ರೆ ಕಾರ್ಡು ಹೋಗಲ್ಲ.” ಅವರು ಷರಾ ಕಾಲಮ್ಮಿನ ಮೇಲೆ ಪೆನ್ಸಿಲಿನ ಮೊನೆ ಇಟ್ಟರು. “ಮಕ್ಕಳು ಇಬ್ಬರು ಅನ್ನೋದನ್ನ ಹೊಡೆದು, ಇಲ್ಲ ಅಂತ ತಿದ್ದಿ ಕಾರ್ಡು ಮತ್ತೆ ಚಾಲ್ತಿ ಮಾಡ್ತೀನಿ. ಈ ಹುಡುಗನ ವಿಷಯ ಏನು ಮಾಡೋದು ಅಂತ ನೀವೇ ಹೇಳಿ ಪುಟ್ಟಗಂಗಮ್ಮ. ಸುಳ್ಳು ಮಾಹಿತಿ ಕೊಟ್ಟಿದಾನೆ. ಕೇಸು ಆಗುತ್ತೆ.”

ಈಗ ಅವಳು ತಿರುಗಿ ಅಣ್ಣಯ್ಯನನ್ನು ನೋಡಿದಳು. ಅರ್ಜಿ ಬರೆದ ಕೈ, ಹೆಬ್ಬೆಟ್ಟು ಹಿಡಿದು ಒತ್ತಿಸಿದ ಕೈ, ಎಲ್ಲವನ್ನೂ ನೋಡಿದಳು. ಅವನು ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟುಕೊಂಡು ಶಾಪಕ್ಕೆ ಕಾದ. ಕಡೇ ಸಾಲಿನವರೂ ಕುತ್ತಿಗೆ ಚಾಚಿದರು. ಪುಟ್ಟಗಂಗಮ್ಮ ಬಾಯಿ ಬಿಟ್ಟರೆ ಹೇಗಿರುತ್ತದೆಂದು ಎಲ್ಲರಿಗೂ ಗೊತ್ತು.

ಅವಳು ಶಿರಸ್ತೇದಾರರ ಕಡೆಗೆ ತಿರುಗಿದಳು.

“ಸ್ವಾಮಿ, ಆ ಪುಸ್ತಕ್ದಾಗೆ ನನ್ ಹೆಸ್ರು ಮುಂದೆ ಇಬ್ರು ಗಂಡ್‌ಮಕ್ಳು ಅಂತ ದಿಟವಾಗ್ಲೂ ಬರ್ದೈತಾ?”

“ಬರೆದಿದೆ. ಈಗ ಹೊಡೀತೀನಿ.”

“ಹೊಡ್ಯೋಕ್ ಮುಂಚೆ ಇನ್ನೊಂದ್ ಕಿತ ಓದಿ ಸ್ವಾಮಿ.”

ಹನುಮಂತಯ್ಯನವರು ಅವಳ ಮುಖ ನೋಡಿ, ಓದಿದರು. ಹಿರಿಯ ಮಗ ರಂಗ, ಎತ್ತರದ ಆಳು. ಕಿರಿಯ ಮಗ ಸಿದ್ದ. ಈ ಸಲ ಕಾಲಮ್ಮಿನ ಹೆಸರು, ಮೊಹರಿನ ನಂಬರು, ಸಹಿ ಎಲ್ಲವನ್ನೂ ಸೇರಿಸಿ ಓದಿದರು. ಅವಳು ಒಂದೊಂದು ಮಾತಿಗೂ ತಲೆಯಾಡಿಸಿದಳು. ಓದಿ ಮುಗಿದಾಗ ಅವಳ ಹೊಟ್ಟೆ ಸಣ್ಣಗೆ ಕುಲುಕಿತು. ಅಳುತ್ತಾಳೆ ಎಂದುಕೊಂಡು ಅಣ್ಣಯ್ಯ ಕಣ್ಣು ತಗ್ಗಿಸಿದ.

“ನಲವತ್ ವರ್ಸ ಈ ಊರು ನನ್ನ ಬಂಜೆ ಅಂತು ಸ್ವಾಮಿ,” ಎಂದಳು. “ಮದ್ವೆ ಮನ್ಯಾಗೆ ಹಿಂದಕ್ ಕೂರ್ಸ್ತು. ತೊಟ್ಲು ಮುಟ್ಬ್ಯಾಡ ಅಂತು. ಸರ್ಕಾರ ನೋಡಪ್ಪ, ನೋವಿಲ್ಲ, ಸೂಲಗಿತ್ತಿ ಇಲ್ಲ, ನಾನ್ ಊರಾಗೂ ಇಲ್ಲ, ಒಂದೇ ಗೆರೆಯಾಗೆ ಎರಡು ಹೆರ್ಗೆ ಮಾಡಿಸ್ಬುಡ್ತು. ಅದೂ ಎರಡೂ ಗಂಡು.”

ಮಾತು ಮುಗಿಯುವ ಮೊದಲೇ ಅವಳಿಗೆ ನಗು ಒಡೆದು ಬಂತು. ಮೊದಲು ಜನವೂ ನಕ್ಕಿತು. ಮಾರಯ್ಯ ನಕ್ಕ, ಹಿಂದಿನ ಸಾಲಿನವರು ನಕ್ಕರು, ಬಸವರಾಜಪ್ಪನವರೂ ಹಲ್ಲು ತೋರಿಸಿದರು. ಆಮೇಲೆ ತೊಟ್ಟಿಲು ಮುಟ್ಟಬೇಡ ಎಂದವರು ಒಬ್ಬೊಬ್ಬರಾಗಿ ಸೆರಗು ಸರಿಮಾಡಿಕೊಂಡು, ಟವೆಲ್ಲು ಕೊಡವಿಕೊಂಡು, ನೆಲ ನೋಡತೊಡಗಿದರು. ಅವಳು ನಿಲ್ಲಿಸಲಿಲ್ಲ. ಕೇಸು ಹಾಕೋದಾ ಬೇಡವಾ ಎಂದು ಹನುಮಂತಯ್ಯನವರು ಎರಡು ಸಲ ಕೇಳಿದರು. ಅವಳು ಬೇಡವೆಂದು ಕೈಯಾಡಿಸುತ್ತ, ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು, ಸ್ಕೂಲಿನ ಹೆಂಚು ಅದುರುವ ಹಾಗೆ ನಗುತ್ತಲೇ ಇದ್ದಳು.